ಇಂದಿನ ಧಮ್ಮ ಚಿಂತನೆ: ಬೆಳಗಿನ ಸದ್ದು

ನನ್ನದು ಹಳೆಯ ಪಿಕಪ್ ಲಾರಿ. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಟೈಮಿಂಗ್ ಗೇರ್ ಇರುತ್ತದೆ, ನನ್ನದರಲ್ಲಿ ಟೈಮಿಂಗ್ ಚೈನ್. ಕ್ರ್ಯಾಂಕ್ 2 ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟ್ 1 ಸುತ್ತು ತಿರುಗಬೇಕು. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ದಾರಿ ಬಿಟ್ಟಿರಬೇಕು. ಈ ಲೆಕ್ಕ ಕಾಯುವುದೇ ಆ ಚೈನ್.

ಒಂದು ಬೆಳಿಗ್ಗೆ ಕ್ಲೀನರ್ ಹುಡುಗ ಹೇಳಿದ: "ಅಣ್ಣಾ, ಸ್ಟಾರ್ಟ್ ಮಾಡಿದಾಗ ಎಂಜಿನ್ ಮುಂದ್ಗಡೆ ಕಟಕಟ ಅಂತೈತೆ."

"ಆಮೇಲೆ ನಿಂತೋಗ್ತೈತಲ್ಲ! ನಿಂಗೇನೋ ಗೊತ್ತು? ಹೋಗಿ ಹಗ್ಗ ಬಿಗಿ" ಅಂದೆ.

ಎರಡು ತಿಂಗಳಾದ ಮೇಲೆ ಈರುಳ್ಳಿ ತುಂಬಿಕೊಂಡು ಚಿತ್ರದುರ್ಗದಿಂದ ದಾವಣಗೆರೆಗೆ ಹೊರಟಿದ್ದೆವು. ಭರಮಸಾಗರದ ಹತ್ತಿರ ಎಂಜಿನ್ ಒಮ್ಮೆಲೇ ನಿಂತಿತು. ಚೈನ್ ಹಲ್ಲು ಹಾರಿ, ಪಿಸ್ಟನ್ ಬಡಿದು ವಾಲ್ವ್‌ಗಳು ಬಾಗಿದ್ದವು. ಮಗಳ ಫೀಸಿಗೆ ಇಟ್ಟ ದುಡ್ಡು ರಿಪೇರಿಗೆ ಹೋಯಿತು. "ಯಾರದೋ ದೃಷ್ಟಿ ಬಿದ್ದೈತೆ, ನಿಂಬೆಹಣ್ಣು ಕಟ್ಟು" ಅಂದರು ಡಾಬಾದವರು. ನಾನು ಕಟ್ಟಲಿಲ್ಲ. ಆದರೆ "ಎಲ್ಲಾ ನನ್ನ ಹಣೆಬರಹ" ಅಂದೆ. ಅದೂ ಒಂದು ನಿಂಬೆಹಣ್ಣೇ ಅಲ್ಲವೇ?

ಮೆಕ್ಯಾನಿಕ್ ಹಳೆ ಚೈನನ್ನು ಹೊಸದರ ಪಕ್ಕದಲ್ಲಿ ಹಿಡಿದ. ಹಳೆಯದು ಉದ್ದವಾಗಿತ್ತು. ಕಬ್ಬಿಣ ಹಿಗ್ಗಿರಲಿಲ್ಲ. ಪ್ರತಿ ಕೊಂಡಿಯ ಪಿನ್ ಕೂದಲೆಳೆಯಷ್ಟು ಸವೆದು, ಎಲ್ಲ ಸೇರಿ ಚೈನ್ ಸಡಿಲವಾಗಿತ್ತು. ನಾನು ಆಯಿಲ್ ಬದಲಾಯಿಸುವುದನ್ನು ಮುಂದೂಡಿದ್ದೆ. ಕಪ್ಪಾದ ಆಯಿಲ್‌ನ ಮಸಿಯೇ ಪಿನ್‌ಗಳನ್ನು ಉಜ್ಜಿತ್ತು. ಬೆಳಗಿನ ಸದ್ದು ಯಾಕೆ ನಿಲ್ಲುತ್ತಿತ್ತು? ಆಯಿಲ್ ಒತ್ತಡ ಏರಿದ ಮೇಲೆ ಟೆನ್ಷನರ್ ಚೈನನ್ನು ಒತ್ತಿ ಹಿಡಿಯುತ್ತಿತ್ತು. ಸದ್ದು ಅಡಗುತ್ತಿತ್ತು, ಸವೆತ ಹಾಗೇ ಇತ್ತು.

ಪ್ರತಿ ಘಟನೆಗೂ ಕಾರಣವಿದೆ, ಅದು ಮನುಷ್ಯನ ಕ್ರಿಯೆಯಲ್ಲೋ ನಿಸರ್ಗದ ನಿಯಮದಲ್ಲೋ ಇರುತ್ತದೆ ಎಂಬುದು ಬಾಬಾಸಾಹೇಬರು ತಮ್ಮ ಧಮ್ಮಗ್ರಂಥದಲ್ಲಿ ತಿಳಿಸಿಕೊಟ್ಟ ವಿಚಾರ. ಇಲ್ಲಿ ಎರಡೂ ಇದ್ದವು. ಕಬ್ಬಿಣ ಸವೆಯುವುದು ನಿಸರ್ಗ. ಕೇಳಿಯೂ ಕೇಳದಂತಿದ್ದದ್ದು ನಾನು. ಭಗವಾನ್ ಬುದ್ಧರು ಕುಸಿನಾರದಲ್ಲಿ ಕೊನೆಯದಾಗಿ ಹೇಳಿದ್ದು ಅಪ್ಪಮಾದ, ಅಂದರೆ ಎಚ್ಚರ ತಪ್ಪದಿರುವುದು.

ಆದರೆ ಬಂಧುಗಳೇ, ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. "ನಿನಗೇನು ಗೊತ್ತು" ಎಂಬ ಮಾತನ್ನು ನನ್ನ ತಾತ ಊರಿನ ಚಾವಡಿಯ ಮುಂದೆ ಕೈಕಟ್ಟಿ ನಿಂತು ಜೀವನವಿಡೀ ಕೇಳಿದ್ದರು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರು ಎಂಬುದೂ ಒಂದು. ಅದನ್ನು ನಾನೂ ಸ್ವೀಕರಿಸಿದ್ದೇನೆ. ಆದರೂ ಅದೇ ಮಾತು ನನ್ನ ಬಾಯಿಂದ ನನಗಿಂತ ಕೆಳಗೆ ದುಡಿಯುವವನ ಮೇಲೆ ಬಿತ್ತು. ಸತ್ಯ ಅವನ ಬಾಯಲ್ಲಿತ್ತು, ನಾನು ನೋಡಿದ್ದು ಅವನ ಸ್ಥಾನವನ್ನು.

ಹುಡುಗನ ಹತ್ತಿರ ಹೋಗಿ "ತಪ್ಪು ನನ್ನದು ಕಣಪ್ಪಾ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಆಯಿಲ್ ಯಾವಾಗಣ್ಣಾ?" ಅಂದ. ಈಗ ಆ ಲೆಕ್ಕದ ಪುಸ್ತಕ ಅವನ ಕೈಯಲ್ಲೇ ಇದೆ.

*ಇಂದಿನ ಅಭ್ಯಾಸ:* ಮನೆಯಲ್ಲಿ, ಕೆಲಸದಲ್ಲಿ, ನಮಗಿಂತ ಚಿಕ್ಕವರು ಹೇಳುವ ಒಂದು ಮಾತನ್ನು ಇಂದು ಪೂರ್ತಿ ಕೇಳೋಣ.

ಭವತು ಸಬ್ಬ ಮಂಗಲಂ 🌷
ಸಾಧು! ಸಾಧು! ಸಾಧು!