ಗುಬ್ಬಚ್ಚಿಯ ದೂರು

1913ರ ಡಿಸೆಂಬರ್ 18. ಇಂಗ್ಲೆಂಡಿನ ಹಾಲ್ ಬಾರ್ನ್ ಎಂಬ ಎಸ್ಟೇಟಿನಲ್ಲಿ ದೊರೆ ಐದನೇ ಜಾರ್ಜ್ ತಮ್ಮ ಮಗನೊಂದಿಗೆ ಹಕ್ಕಿ ಬೇಟೆಗೆ ಬಂದಿದ್ದರು. ಸಂಜೆಯ ಹೊತ್ತಿಗೆ 3,900ಕ್ಕೂ ಹೆಚ್ಚು ಫೆಸೆಂಟ್ ಹಕ್ಕಿಗಳು ನೆಲಕ್ಕುರುಳಿದ್ದವು. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ದೊರೆಯೊಬ್ಬರ ಕೋವಿಗೇ ಬಲಿಯಾಗಿದ್ದವು. ಮರಳುವ ದಾರಿಯಲ್ಲಿ ಬಹಳ ಹೊತ್ತು ಮೌನವಾಗಿದ್ದ ದೊರೆ, ಇಂದು ನಾವು ತುಸು ಅತಿರೇಕಕ್ಕೆ ಹೋದೆವೇನೋ ಎಂದು ಮಗನೊಡನೆ ಹೇಳಿದರಂತೆ. ಆ ಮಗನೇ ಮುಂದೆ ತನ್ನ ಆತ್ಮಕಥೆಯಲ್ಲಿ ಇದನ್ನು ದಾಖಲಿಸಿದ್ದಾನೆ.

ನಮ್ಮ ದೇಶದಲ್ಲೂ ಇಂತಹದೇ ಒಂದು ದಿನವಿದೆ. 1938ರ ನವೆಂಬರ್ 12ರಂದು ರಾಜಸ್ಥಾನದ ಭರತಪುರದ ಜೌಗು ಪ್ರದೇಶದಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಮತ್ತು ಅವರ ಸಂಗಡಿಗರು ಸೇರಿ 4,273 ನೀರುಹಕ್ಕಿಗಳನ್ನು ಹೊಡೆದುರುಳಿಸಿದರು. ಯಾವ ದಿನ, ಯಾರ ಗೌರವಾರ್ಥ, ಎಷ್ಟು ಹಕ್ಕಿ ಎಂಬ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಲಾಗಿದೆ. ಈಗ ಅದು ಪಕ್ಷಿಗಳ ಅಭಯಧಾಮ. ಕಲ್ಲು ಮಾತ್ರ ಹಾಗೆಯೇ ಇದೆ.

ಓದುಗ ಸಹೋದರ ಸಹೋದರಿಯರೇ, ಒಂದು ಕ್ಷಣ ಯೋಚಿಸಿರಿ. ಆ ದೊರೆಯನ್ನು ತಡೆಯುವ ಯಾವ ಕಾನೂನೂ ಇರಲಿಲ್ಲ. ಆಕ್ಷೇಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಫೆಸೆಂಟ್ ಎಂಬುದು ತಿನ್ನಬಹುದಾದ ಹಕ್ಕಿ. ಹಾಗಿದ್ದರೂ ಅವರ ಮನಸ್ಸನ್ನು ಚುಚ್ಚಿದ್ದೇನು? ಹತ್ತು ಹಕ್ಕಿಗಳನ್ನು ಕೊಂದಾಗ ಇಲ್ಲದ ಅಳುಕು ಸಾವಿರ ಹಕ್ಕಿಗಳನ್ನು ಕೊಂದಾಗ ಏಕೆ ಬಂತು?

ಮಾಂಸ ತಿನ್ನುವುದು ಸರಿಯೇ ಎಂಬ ಚರ್ಚೆ ಇಲ್ಲಿ ನಮ್ಮ ವಿಷಯವಲ್ಲ. ಅಲ್ಲಾಹನು ಮಾನವನಿಗೆ ಕೆಲವು ಜೀವಿಗಳ ಮಾಂಸವನ್ನು ಧರ್ಮಸಮ್ಮತಗೊಳಿಸಿದ್ದಾನೆ. ಬೇಟೆಯೂ ಅದರಲ್ಲಿ ಸೇರಿದೆ. ಆದರೆ ಅನುಮತಿಯೆಂದರೆ ಒಡೆತನವಲ್ಲ. ಭೂಮಿಯಲ್ಲಿ ನಡೆಯುವ ಪ್ರಾಣಿಗಳೂ ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಇರುವ ಸಮುದಾಯಗಳು ಎಂದು ಪವಿತ್ರ ಕುರ್‌ಆನ್ ನೆನಪಿಸುತ್ತದೆ. ಬೇಟೆಗೆ ಅನುಮತಿಯಿತ್ತ ಅದೇ ಗ್ರಂಥವು ಇಹ್ರಾಮ್‌ನಲ್ಲಿರುವಾತನಿಗೆ ನೆಲದ ಬೇಟೆಯನ್ನು ನಿಷೇಧಿಸುತ್ತದೆ. ಅಂದರೆ ಕೈಗೆಟಕುವ ದೂರದಲ್ಲಿ ಹಕ್ಕಿಯಿದ್ದರೂ ಕೈಯನ್ನು ತಡೆದು ನಿಲ್ಲಿಸುವ ಅಭ್ಯಾಸವೂ ಒಂದು ಆರಾಧನೆಯೇ ಆಗಿದೆ.

ಪ್ರವಾದಿ ಮುಹಮ್ಮದ್(ಸ)ರ ಬೋಧನೆಯೊಂದು ಈ ವಿಷಯದ ತಿರುಳನ್ನೇ ಮುಟ್ಟುತ್ತದೆ. ಗುಬ್ಬಚ್ಚಿಯನ್ನಾಗಲಿ ಅದಕ್ಕಿಂತ ದೊಡ್ಡ ಜೀವಿಯನ್ನಾಗಲಿ ಹಕ್ಕಿಲ್ಲದೆ ಕೊಂದವನನ್ನು ಅಲ್ಲಾಹನು ಅದರ ಬಗ್ಗೆ ವಿಚಾರಿಸುವನು ಎಂದು ಅವರು ಎಚ್ಚರಿಸಿದರು. ಅದರ ಹಕ್ಕು ಯಾವುದೆಂದು ಕೇಳಲಾದಾಗ, ಅದನ್ನು ಝಬಹ್ ಮಾಡಿ ತಿನ್ನಬೇಕು, ತಲೆ ಕತ್ತರಿಸಿ ಎಸೆದುಬಿಡಬಾರದು ಎಂದು ವಿವರಿಸಿದರು. ಇನ್ನೊಂದು ವರದಿಯಲ್ಲಿ, ವ್ಯರ್ಥವಾಗಿ ಕೊಲ್ಲಲ್ಪಟ್ಟ ಗುಬ್ಬಚ್ಚಿಯು ಅಂತ್ಯದಿನದಂದು ಅಲ್ಲಾಹನ ಮುಂದೆ ಮೊರೆಯಿಡುತ್ತದೆ: ಇವನು ನನ್ನನ್ನು ಯಾವ ಪ್ರಯೋಜನಕ್ಕೂ ಕೊಲ್ಲಲಿಲ್ಲ ಎಂದು. ಜೀವವಿರುವುದನ್ನು ಗುರಿ ಹೊಡೆಯುವ ಆಟದ ವಸ್ತುವಾಗಿಸಬಾರದು ಎಂದೂ ಪ್ರವಾದಿ(ಸ) ಆಜ್ಞಾಪಿಸಿದ್ದಾರೆ. ಒಮ್ಮೆ ಕೆಲವು ಯುವಕರು ಹಕ್ಕಿಯೊಂದನ್ನು ಕಟ್ಟಿಹಾಕಿ ಬಾಣದಿಂದ ಗುರಿಯಿಡುತ್ತಿದ್ದುದನ್ನು ಕಂಡ ಅಬ್ದುಲ್ಲಾ ಬಿನ್ ಉಮರ್(ರ) ಅವರನ್ನು ಕಟುವಾಗಿ ಖಂಡಿಸಿದ್ದರು.

ಇನ್ನು ಇಂದಿನ ಸ್ಥಿತಿಯನ್ನು ನೋಡಿರಿ. ಬ್ರಿಟನ್ನಿನಲ್ಲಿ ಹಕ್ಕಿ ಬೇಟೆಯು ದೊರೆಗಳ ಹವ್ಯಾಸವಾಗಿ ಉಳಿದಿಲ್ಲ, ದೊಡ್ಡ ವ್ಯಾಪಾರವಾಗಿದೆ. ಫೆಸೆಂಟ್ ಆ ನಾಡಿನ ಮೂಲದ ಹಕ್ಕಿಯಲ್ಲ. ಅದನ್ನು ಕೋಳಿಯಂತೆ ಸಾಕಣೆ ಕೇಂದ್ರಗಳಲ್ಲಿ ಮರಿ ಮಾಡಿಸಿ, ಬೇಸಿಗೆಯಲ್ಲಿ ಕಾಡಂಚಿಗೆ ಬಿಡುತ್ತಾರೆ. ವಿವಿಧ ಅಂದಾಜುಗಳ ಪ್ರಕಾರ ಹೀಗೆ ಬಿಡುವ ಫೆಸೆಂಟ್‌ಗಳ ಸಂಖ್ಯೆ ವರ್ಷಕ್ಕೆ 3 ಕೋಟಿಯಿಂದ 5 ಕೋಟಿ. ಇಂಗ್ಲೆಂಡಿನಲ್ಲಿ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಅವುಗಳ ಬೇಟೆಯ ಕಾಲ. ಆಳುಗಳು ಪೊದೆಗಳನ್ನು ಬಡಿಯುತ್ತಾ ಹಕ್ಕಿಗಳನ್ನು ಎಬ್ಬಿಸುತ್ತಾರೆ. ಸಾಲಾಗಿ ನಿಂತವರು ತಲೆಯ ಮೇಲೆ ಹಾರುವ ಹಕ್ಕಿಗಳಿಗೆ ಗುಂಡು ಹಾರಿಸುತ್ತಾರೆ. ದೊಡ್ಡ ಬೇಟೆಗಳಲ್ಲಿ ಒಂದೇ ದಿನ ನೂರಾರು ಹಕ್ಕಿಗಳು ಬೀಳುತ್ತವೆ.

ಇದರ ಬೆಲೆಯ ಲೆಕ್ಕ ಗಮನಾರ್ಹವಾಗಿದೆ. ಬೇಟೆಗಾರನು ಬೀಳುವ ಹಕ್ಕಿಯೊಂದಕ್ಕೆ ಹತ್ತಾರು ಪೌಂಡುಗಳ ಲೆಕ್ಕದಲ್ಲಿ ಹಣ ತೆರುತ್ತಾನೆ. ಅದೇ ಹಕ್ಕಿಯ ದೇಹಕ್ಕೆ ಮಾಂಸದ ವ್ಯಾಪಾರಿಯಿಂದ ಬಹಳ ಸಲ ಒಂದು ಪೌಂಡೂ ಸಿಗುವುದಿಲ್ಲ. ಹಾಗಾದರೆ ಆತನು ಹಣ ತೆತ್ತದ್ದು ಯಾವುದಕ್ಕೆ? ಮಾಂಸಕ್ಕಂತೂ ಅಲ್ಲ. ಕೊಂದ ಹಕ್ಕಿಗಳನ್ನು ಗುಂಡಿ ತೋಡಿ ಹೂತ, ರಸ್ತೆಬದಿಗೆ ಸುರಿದುಹೋದ ಸುದ್ದಿಗಳು ಅಲ್ಲಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಎಲ್ಲ ಬೇಟೆಗಾರರೂ ಹೀಗೆ ಮಾಡುತ್ತಾರೆಂದು ಹೇಳಿದರೆ ಅನ್ಯಾಯವಾಗುತ್ತದೆ. ತಾವು ಹೊಡೆದುದನ್ನು ಮನೆಗೊಯ್ದು ಅಡುಗೆ ಮಾಡಿ ತಿನ್ನುವವರು ಬಹಳಷ್ಟಿದ್ದಾರೆ. ಬೇಟೆ ನಡೆಯುವ ಮೊದಲೇ ಅಂದು ಬೀಳಬಹುದಾದ ಹಕ್ಕಿಗಳ ಮಾರಾಟ ಅಥವಾ ಸೇವನೆಗೆ ಏರ್ಪಾಡು ಆಗಿರಬೇಕೆಂದು ಬೇಟೆಗಾರರದೇ ನಿಯಮಾವಳಿ ಹೇಳುತ್ತದೆ. ಆದರೆ 2018ರಲ್ಲಿ ಈ ಮಾಂಸಕ್ಕೆ ಮಾರುಕಟ್ಟೆ ಬೆಳೆಸಲೆಂದು ಬೇಟೆಯ ವಲಯವೇ ಒಂದು ಸಂಸ್ಥೆ ಕಟ್ಟಬೇಕಾಯಿತು. ಮೊದಲು ಕೊಂದು ಆಮೇಲೆ ತಿನ್ನುವವರನ್ನು ಹುಡುಕುವ ಸ್ಥಿತಿಯಿದು.

ಇಲ್ಲಿಯೇ ಸಮಸ್ಯೆಯ ಬೇರು ಇದೆ. ತಿನ್ನುವುದು ಕೊಲ್ಲುವುದಕ್ಕೆ ಕಾರಣವಾಗಿರಬೇಕು, ನೆಪವಾಗಿರಬಾರದು. ಕಾರಣವು ಕೆಲಸಕ್ಕಿಂತ ಮೊದಲು ಇರುತ್ತದೆ ಮತ್ತು ಅದಕ್ಕೊಂದು ಮಿತಿ ಹಾಕುತ್ತದೆ. ಮನೆಯಲ್ಲಿ ಆರು ಬಾಯಿಗಳಿದ್ದರೆ ಎರಡು ಹಕ್ಕಿ ಸಾಕಾಗುತ್ತದೆ, ಮೂರನೆಯದಕ್ಕೆ ಕೋವಿ ಏಳುವುದಿಲ್ಲ. ನೆಪವಾದರೋ ಕೆಲಸ ಮುಗಿದ ಮೇಲೆ ಹುಟ್ಟಿಕೊಳ್ಳುತ್ತದೆ, ಎಷ್ಟು ಬೇಕಾದರೂ ಹಿಗ್ಗುತ್ತದೆ. ನೂರು ಹಕ್ಕಿ ಕೊಂದವನು ಹತ್ತನ್ನು ತಿಂದು, ನಾನು ಆಹಾರಕ್ಕಾಗಿ ಕೊಂದೆ ಎಂದು ಹೇಳಿಕೊಳ್ಳಬಲ್ಲ. ನಮ್ಮಲ್ಲಿ ಕರ್ಮಗಳನ್ನು ನಿಯ್ಯತ್ತಿನಿಂದ ಅಳೆಯುವುದು ಏಕೆಂದು ಇದರಿಂದ ಅರ್ಥವಾಗುತ್ತದೆ. ಆ ಇಂಗ್ಲಿಷ್ ದೊರೆಯನ್ನು ಕಾಡಿದ್ದೂ ಇದೇ ಇರಬೇಕು. ಕೊಂದ ಸಂಖ್ಯೆಯು ಹಸಿವಿನ ಎಲ್ಲ ಲೆಕ್ಕಗಳನ್ನೂ ದಾಟಿಹೋಗಿತ್ತು.

ಇದಕ್ಕೆ ಎರಡು ಆಕ್ಷೇಪಗಳಿವೆ. ಅವನ್ನು ನಾವು ಪ್ರಾಮಾಣಿಕವಾಗಿ ಎದುರಿಸಬೇಕು. ಒಂದು, ಬೇಟೆಯಿಂದ ಹಳ್ಳಿಗರಿಗೆ ಉದ್ಯೋಗ ಸಿಗುತ್ತದೆ, ಬೇಟೆಗಾಗಿ ಉಳಿಸಿಕೊಂಡ ತೋಪು, ಬೇಲಿಗಳಲ್ಲಿ ಇತರ ಹಕ್ಕಿಗಳೂ ಬದುಕುತ್ತವೆ ಎಂಬುದು. ಇದರಲ್ಲಿ ಸತ್ಯವಿದೆ. ಆದರೆ ಮರಗಳನ್ನು ಉಳಿಸಲು ಮಾಂಸವನ್ನು ಹೂಳಬೇಕಾದ ಅಗತ್ಯವೇನೂ ಇಲ್ಲ. ಎರಡನೆಯ ಆಕ್ಷೇಪ ಇನ್ನೂ ಹರಿತವಾದುದು. ಕಿಕ್ಕಿರಿದ ಕೊಟ್ಟಿಗೆಯಲ್ಲಿ ಸುಮಾರು ಆರು ವಾರ ಮಾತ್ರ ಬದುಕಿ ಸಾಯುವ ಬ್ರಾಯ್ಲರ್ ಕೋಳಿಗಿಂತ, ಕೆಲವು ತಿಂಗಳಾದರೂ ಬಯಲಲ್ಲಿ ಹಾರಾಡಿದ ಫೆಸೆಂಟ್‌ನ ಬದುಕು ಮೇಲಲ್ಲವೇ ಎಂದು ಅವರು ನಮ್ಮನ್ನು ಕೇಳುತ್ತಾರೆ. ಮೇಲಾಗಿದ್ದರೂ ಇರಬಹುದು. ಆದರೆ ಈ ಮಾತು ಅವರ ಪೋಲನ್ನು ಸಮರ್ಥಿಸುವುದಿಲ್ಲ, ನಮ್ಮ ಅಡುಗೆಮನೆಯ ಕಡೆಗೆ ಬೆರಳು ತೋರಿಸುತ್ತದೆ, ಅಷ್ಟೆ. ಆ ಬೆರಳನ್ನು ನಾವು ತಳ್ಳಿಹಾಕಬಾರದು.

ಏಕೆಂದರೆ ಈ ತಪ್ಪು ಪಾಶ್ಚಾತ್ಯರದು ಮಾತ್ರವಲ್ಲ. ನಮ್ಮ ಎರೆಭೂತ ಹಕ್ಕಿಯ ಸಂಬಂಧಿಯಾದ ಹುಬಾರ ಹಕ್ಕಿಯು ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಪಾಕಿಸ್ತಾನಕ್ಕೆ ವಲಸೆ ಬರುತ್ತದೆ. ಗಿಡುಗಗಳನ್ನು ಬಿಟ್ಟು ಅದನ್ನು ಬೇಟೆಯಾಡಲು ಕೊಲ್ಲಿ ರಾಷ್ಟ್ರಗಳ ಶ್ರೀಮಂತರು ಬರುತ್ತಾರೆ. ಆ ದೇಶದ ಪ್ರಜೆಗಳಿಗಿಲ್ಲದ ಪರವಾನಿಗೆ ಈ ಅತಿಥಿಗಳಿಗೆ ಸಿಗುತ್ತದೆ. ಹತ್ತು ದಿನಗಳಲ್ಲಿ ನೂರು ಹಕ್ಕಿ ಎಂಬುದು ಅದರ ಮಿತಿ. 2014ರಲ್ಲಿ ಬಲೂಚಿಸ್ತಾನದಲ್ಲಿ ಒಂದು ರಾಜಮನೆತನದ ತಂಡವು 21 ದಿನಗಳಲ್ಲಿ 2,100 ಹುಬಾರಗಳನ್ನು ಕೊಂದಿತೆಂದು ಅಲ್ಲಿನ ಡಾನ್ ಪತ್ರಿಕೆ ವರದಿ ಮಾಡಿತು. ದಿನಕ್ಕೆ ನೂರು ಹಕ್ಕಿ! 2015ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಬೇಟೆಯನ್ನು ಪೂರ್ಣವಾಗಿ ನಿಷೇಧಿಸಿತಾದರೂ 2016ರ ಜನವರಿಯಲ್ಲಿ ನಿಷೇಧ ತೆರವಾಯಿತು. ತರಬೇತಾದ ಗಿಡುಗವನ್ನು ಅಲ್ಲಾಹನ ನಾಮವೆತ್ತಿ ಬಿಟ್ಟು ಹಿಡಿದ ಬೇಟೆ ಹಲಾಲ್ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಮವೆತ್ತಿದ ಮಾತ್ರಕ್ಕೆ ಮೋಜು ಅಗತ್ಯವಾಗಿ ಮಾರ್ಪಡುವುದಿಲ್ಲ. ಗುಬ್ಬಚ್ಚಿಯ ದೂರು ಬ್ರಿಟಿಷನಿಗೊಂದು, ಅರಬನಿಗೊಂದು ಎಂಬಂತಿಲ್ಲ.

ಕೋವಿಯ ಬೇಟೆಯಲ್ಲಿ ಇನ್ನೊಂದು ತೊಡಕಿದೆ. ಚರೆಗುಂಡಿನ ಏಟಿಗೆ ಬಿದ್ದ ಹಕ್ಕಿಯು ಝಬಹ್ ಮಾಡುವ ಮೊದಲೇ ಸತ್ತರೆ ಅದನ್ನು ತಿನ್ನಬಾರದೆಂಬುದು ಅನೇಕ ಕರ್ಮಶಾಸ್ತ್ರ ವಿದ್ವಾಂಸರ ಅಭಿಪ್ರಾಯ. ಬೇರೆ ಅಭಿಪ್ರಾಯದವರೂ ಇದ್ದಾರೆ. ಆದರೆ ಮೊದಲಿನ ಅಭಿಪ್ರಾಯವನ್ನು ಅನುಸರಿಸುವವನು, ಬಿದ್ದ ಹಕ್ಕಿ ತನಗೆ ಊಟವಾಗುವುದೋ ಕಸವಾಗುವುದೋ ಎಂದು ತಿಳಿಯದೆಯೇ ಗುಂಡು ಹಾರಿಸುತ್ತಾನೆ.

ನಮಗೂ ಇದಕ್ಕೂ ಏನು ಸಂಬಂಧ, ನಮ್ಮ ಕೈಯಲ್ಲಿ ಕೋವಿ ಎಲ್ಲಿದೆ ಎಂದು ನೀವು ಕೇಳಬಹುದು. ನಿಜ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1991ರ ಅದರ ತಿದ್ದುಪಡಿಯ ನಂತರ ನಮ್ಮ ನಾಡಿನಲ್ಲಿ ಕಾಡುಕೋಳಿ, ಕೌಜುಗಗಳ ಶಿಕಾರಿ ಅಪರಾಧ. ಅದನ್ನು ಪಾಲಿಸುವುದು ನಮ್ಮ ಕರ್ತವ್ಯವೂ ಹೌದು. ಆದರೆ ಮದುವೆಯ ಔತಣವೊಂದು ಮುಗಿದ ಮೇಲೆ ಹಿತ್ತಿಲಿಗೆ ಹೋಗಿ ನೋಡಿರಿ. ಅರ್ಧ ತಿಂದು ಬಿಟ್ಟ ಬಿರಿಯಾನಿಯ ರಾಶಿಯಲ್ಲಿ ಕೋಳಿಯ ತುಂಡುಗಳು ಹಾಗೆಯೇ ಬಿದ್ದಿರುತ್ತವೆ. ಅವುಗಳನ್ನು ಝಬಹ್ ಮಾಡುವಾಗ ಬಿಸ್ಮಿಲ್ಲಾಹ್ ಹೇಳಲಾಗಿತ್ತು. ಆದರೆ ಅತಿಥಿಗಳ ಹಸಿವಿಗಾಗಿ ಎಷ್ಟು ಬೇಕು ಎಂದು ಲೆಕ್ಕ ಹಾಕಿದ್ದೆವೇ, ಅಥವಾ ಕಡಿಮೆಯಾದರೆ ಜನ ಏನೆಂದಾರು ಎಂದೇ? ಎರಡನೆಯದಾದರೆ ಆ ಕೋಳಿ ಸತ್ತದ್ದು ನಮ್ಮ ಪ್ರತಿಷ್ಠೆಗಾಗಿ. ಸತ್ತ ಕುರಿಯೊಂದನ್ನು ಎಸೆದಿದ್ದನ್ನು ಕಂಡು, ಅದರ ಚರ್ಮವನ್ನಾದರೂ ಬಳಸಬಾರದಿತ್ತೇ ಎಂದು ಕೇಳಿದ ಪ್ರವಾದಿ(ಸ)ರ ಅನುಯಾಯಿಗಳು ನಾವು.

ಪಕ್ಷಿತಜ್ಞ ಸಾಲಿಂ ಅಲಿಯವರ ಬಾಲ್ಯದ ಪ್ರಸಂಗವೊಂದು ಇಲ್ಲಿ ನೆನಪಾಗುತ್ತದೆ. 1985ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಅದನ್ನು ಹೇಳಿಕೊಂಡಿದ್ದಾರೆ. ಏರ್‌ಗನ್ನಿನಿಂದ ಹೊಡೆದ ಗುಬ್ಬಚ್ಚಿಯೊಂದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಇದನ್ನು ತಿನ್ನಬಹುದೇ ಎಂಬ ಸಂಶಯ ಬಂದು ಹುಡುಗ ಅದನ್ನು ಮಾವನ ಬಳಿಗೊಯ್ದ. ಅಲ್ಲಿಂದ ಆ ಹಕ್ಕಿ ಮುಂಬಯಿಯ ನಿಸರ್ಗ ಚರಿತ್ರೆಯ ಸಂಘವನ್ನು ತಲುಪಿತು, ಹುಡುಗನ ಬದುಕೇ ತಿರುಗಿತು. ಮುಂದೆ ಅವರೂ ಅಧ್ಯಯನಕ್ಕಾಗಿ ಅನೇಕ ಹಕ್ಕಿಗಳನ್ನು ಹೊಡೆದರು. ಅದೇ ಅವರು ಭರತಪುರದ ಜೌಗನ್ನು ಹಕ್ಕಿಗಳಿಗಾಗಿ ಉಳಿಸಲು ಶ್ರಮಿಸಿದರು ಕೂಡಾ. ಆ ಹುಡುಗನ ಪ್ರಶ್ನೆ ಹಕ್ಕಿ ಸತ್ತ ಮೇಲೆ ಬಂತು. ನಾವು ಅದನ್ನು ಮೊದಲೇ ಕೇಳಿಕೊಳ್ಳೋಣ: ಈ ಜೀವವನ್ನು ಯಾರ ಹಸಿವಿಗಾಗಿ ತೆಗೆಯುತ್ತಿದ್ದೇನೆ? ಎಷ್ಟು ಬಾಯಿಗಳಿಗಾಗಿ?

ಮುಂದಿನ ಬಾರಿ ಔತಣಕ್ಕೆ ಪಟ್ಟಿ ಬರೆಯುವಾಗ ಕೋಳಿಗಳ ಸಂಖ್ಯೆಯ ಮುಂದೆ ಒಂದು ಕ್ಷಣ ಪೆನ್ನು ನಿಲ್ಲಿಸಿರಿ. ಉತ್ತರ ಸಿಕ್ಕರೆ ಬರೆಯಿರಿ, ಸಿಗದಿದ್ದರೆ ಸಂಖ್ಯೆಯನ್ನು ಇಳಿಸಿರಿ. ಯಾವ ಹಕ್ಕಿಯ ದೂರಿನಲ್ಲೂ ನಮ್ಮ ಹೆಸರು ಬಾರದಂತೆ ಬದುಕಲು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ.