ಬೀಗವೂ ತಕ್ಕಡಿಯೂ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂಬುದು ಆಗಮದ ಅಭಿಪ್ರಾಯ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳವಿಗೆ ಪ್ರೇರಣೆ ಕೊಡುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಮೋಸ ಮಾಡುವುದು, ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದು. ಇವನ್ನು ಓದಿದಾಗ ಅಂಗಡಿಯ ಗಲ್ಲಾದ ಮುಂದೆ ಕುಳಿತವನನ್ನೇ ಕುರಿತು ಹೇಳಿದಂತೆ ತೋರುತ್ತದೆ. ಮಕ್ಕಳ ಕೈಗೆ ಕಂಪ್ಯೂಟರ್ ಆಟಗಳು ಬಂದಿರುವ ಈ ಕಾಲದಲ್ಲಿ ಈ ವ್ರತವು ಯಾರನ್ನು ಎಷ್ಟರಮಟ್ಟಿಗೆ ಬಂಧಿಸುತ್ತದೆ ಎಂಬುದು ವಿಚಾರಾರ್ಹ ಪ್ರಶ್ನೆ.

ಇಳಕಲ್ಲಿನ ಅಂಗಡಿಯಿಂದ ಒಂದು ಸೀರೆ ಕಳವಾದರೆ ಕಪಾಟಿನಲ್ಲಿ ಒಂದು ಸೀರೆ ಕಡಿಮೆಯಾಗುತ್ತದೆ. ಆಟದ ಸಿ.ಡಿ.ಯೊಂದನ್ನು ನಕಲು ಮಾಡಿಕೊಂಡರೆ ಮೂಲವು ಇದ್ದಲ್ಲಿಯೇ ಇರುತ್ತದೆ. ಯಾರಿಗೂ ಏನೂ ಕಡಿಮೆಯಾಗದಿರುವಾಗ ಕಳವೆಲ್ಲಿ ಬಂತು ಎಂದು ಯುವಕರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಏನು ಕಡಿಮೆಯಾಯಿತು ಎಂದು ಸೂತ್ರವು ಕೇಳುವುದಿಲ್ಲ. ಅದು ಕೊಡಲ್ಪಟ್ಟಿತೇ ಎಂದಷ್ಟೇ ಕೇಳುತ್ತದೆ. ವರ್ಷಗಟ್ಟಲೆ ದುಡಿದು ಆಟವನ್ನು ರಚಿಸಿದವರು ಬೆಲೆ ಕೊಟ್ಟವರಿಗೆ ಮಾತ್ರ ಅದನ್ನು ಕೊಟ್ಟಿದ್ದಾರೆ. ಉಳಿದವರ ಪಾಲಿಗೆ ಅದು ಕೊಡದ ವಸ್ತು.

ಇನ್ನು ಕೆಲವರು ಶಾಸ್ತ್ರದಾನದ ಮಾತೆತ್ತುತ್ತಾರೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಪ್ರತಿ ಮಾಡುವುದು ಅಂದು ಪುಣ್ಯವಾಗಿದ್ದರೆ ಇಂದು ಪಾಪವೇಕೆ? ಉತ್ತರವು ದಾನವೆಂಬ ಶಬ್ದದಲ್ಲಿಯೇ ಇದೆ. ದಾನವೆಂದರೆ ತನ್ನದನ್ನು ಬಿಟ್ಟುಕೊಡುವುದು. ಆ ಮಹಾಸತಿಯು ತನ್ನ ದ್ರವ್ಯವನ್ನು ವ್ಯಯಮಾಡಿ, ಕವಿಯ ಹೆಸರೂ ಕಾವ್ಯವೂ ಉಳಿಯುವಂತೆ ಮಾಡಿದಳು. ಪರರ ದುಡಿಮೆಯನ್ನು ಗೆಳೆಯರಿಗೆ ಹಂಚಿ ಉದಾರಿಯೆನಿಸಿಕೊಳ್ಳುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಇಲ್ಲಿಗೆ ವಿಚಾರವು ಮುಗಿದರೆ ವ್ಯಾಪಾರಿಗಳೆಲ್ಲ ನಿಶ್ಚಿಂತರಾಗಬಹುದು. ಆದರೆ ಐದು ಅತಿಚಾರಗಳಲ್ಲಿ ನಾಲ್ಕನೆಯದು ಮಾರುವವನ ತಕ್ಕಡಿಯನ್ನು ಕುರಿತದ್ದು.

ನಕಲನ್ನು ತಡೆಯಲು ಆಟದ ಕಂಪನಿಗಳು ತಂತ್ರಾಂಶದ ಬೀಗವನ್ನು ಹಾಕುತ್ತವೆ. ಅದು ತಪ್ಪಲ್ಲ, ಅಂಗಡಿಗೆ ಬೀಗ ಹಾಕದ ವರ್ತಕನಿಲ್ಲ. ಇಳಕಲ್ ಸೀರೆಗೂ ನಕಲಿನ ಕಾಟವುಂಟು. ಸೆರಗಿನ ಹಾಸನ್ನು ಮೈಯ ಹಾಸಿಗೆ ಕುಣಿಕೆಗಳಿಂದ ಜೋಡಿಸುವ ಕೈಮಗ್ಗದ ಶ್ರಮವಿಲ್ಲದೆ, ನೋಟಕ್ಕೆ ಮಾತ್ರ ಹೋಲುವ ಬಟ್ಟೆಯನ್ನು ಅದೇ ಹೆಸರಿನಲ್ಲಿ ಮಾರುವುದು ಐದನೆಯ ಅತಿಚಾರವೇ ಸರಿ. ಇದಕ್ಕೆ ರಕ್ಷಣೆಯಾಗಿ ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ. ಆದರೆ ಆ ರಕ್ಷಣೆಯು ಸೀರೆಯ ಹೆಸರನ್ನು ಕಾಯುತ್ತದೆಯೇ ಹೊರತು ಕೊಂಡವಳ ಮನೆಯನ್ನು ಹೊಗುವುದಿಲ್ಲ. ಸೀರೆ ಮಾರಿದವನು ಆಕೆಯ ಪೆಟ್ಟಿಗೆಯನ್ನು ತೆರೆದು ನೋಡುವುದಿಲ್ಲ. ತಂಗಿಗೆ ಉಡಲು ಕೊಟ್ಟೆಯೇಕೆ ಎಂದು ಕೇಳುವುದಿಲ್ಲ.

ತಂತ್ರಾಂಶದ ಬೀಗವು ಈ ಎಲ್ಲೆಯನ್ನು ಮೀರಿದ ಉದಾಹರಣೆಗಳಿವೆ. 2005ರಲ್ಲಿ ಸೋನಿ ಬಿ.ಎಂ.ಜಿ. ಕಂಪನಿಯ ಸಂಗೀತದ ಸಿ.ಡಿ.ಗಳು ಕೊಂಡವರ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣದಂತೆ ಅಡಗಿ ಕುಳಿತುಕೊಳ್ಳುವ ಕಾವಲು ತಂತ್ರಾಂಶವನ್ನು ಸೇರಿಸುತ್ತಿದ್ದುದು ಬಯಲಾಯಿತು. ಆ ಅಡಗುತಾಣವು ದುಷ್ಟ ತಂತ್ರಾಂಶಗಳಿಗೂ ಆಸರೆಯಾಗಬಲ್ಲದಾಗಿತ್ತು. ಕಂಪನಿಯು ಆ ಸಿ.ಡಿ.ಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. 2008ರಲ್ಲಿ ಬಂದ ಸ್ಪೋರ್ ಎಂಬ ಆಟವನ್ನು ಮೊದಲು ಮೂರು ಕಂಪ್ಯೂಟರುಗಳಲ್ಲಿ ಮಾತ್ರ ಸಕ್ರಿಯಗೊಳಿಸಬಹುದಾಗಿತ್ತು. ಬೆಲೆ ತೆತ್ತವರು ಸಿಟ್ಟಾದರು, ಅಮೆರಿಕದಲ್ಲಿ ದಾವೆ ಹೂಡಿದರು. ನಕಲು ಮಾಡುವವರಾದರೋ ಆಟವು ಅಲ್ಲಿ ಮಾರಾಟಕ್ಕೆ ಬರುವ ಮೊದಲೇ ಬೀಗ ಮುರಿದ ಪ್ರತಿಗಳನ್ನು ಹಂಚತೊಡಗಿದ್ದರು. 2015ರಲ್ಲಿ ಬಂದ ವಿಂಡೋಸ್ 10, ಸೇಫ್‌ಡಿಸ್ಕ್ ಎಂಬ ಹಳೆಯ ಬೀಗವನ್ನು ಅಪಾಯಕಾರಿಯೆಂದು ನಿರಾಕರಿಸಿತು. ಅದರಿಂದಾಗಿ ನ್ಯಾಯವಾಗಿ ಕೊಂಡ ಎಷ್ಟೋ ಆಟಗಳ ಸಿ.ಡಿ.ಗಳು ಹೊಸ ಯಂತ್ರಗಳಲ್ಲಿ ನಡೆಯದೆ ಹೋದವು. ಕಳ್ಳನು ಬೀಗವನ್ನು ಬಿಸುಟು ಹೋದನು. ಸಾಹುಕಾರನ ಕೈಯಲ್ಲಿ ಬೀಗವೊಂದೇ ಉಳಿಯಿತು.

ಪೂರ್ಣ ಬೆಲೆಯನ್ನು ಪಡೆದು ಆಟವನ್ನು ಕೊಟ್ಟೆನೆಂದು ಹೇಳಿ, ಒಳಗೆ ಎಣಿಕೆಯ ಮಿತಿಯನ್ನು ಬಚ್ಚಿಡುವುದು ಕಡಿಮೆ ತೂಕವಲ್ಲದೆ ಮತ್ತೇನು? ಕೊಂಡವನು ಒಪ್ಪಿಗೆ ಕೊಡದೆ ಅವನ ಯಂತ್ರದಲ್ಲಿ ನೆಲೆಯೂರುವುದು ಕೊಡದ ವಸ್ತುವನ್ನು ತೆಗೆದುಕೊಂಡಂತೆಯೇ ಅಲ್ಲವೇ? ಇದರಲ್ಲಿ ಲೋಭದೊಂದಿಗೆ ಮಾಯೆಯೆಂಬ ಕಷಾಯವೂ ಬೆರೆತಿದೆ. ಬೀಗವನ್ನು ಹಾಕುವುದು ದೋಷವಲ್ಲ, ಅದನ್ನು ಮುಚ್ಚಿಡುವುದು ದೋಷ. ಮೂರು ಯಂತ್ರಗಳಿಗೆ ಮಾತ್ರ ಎಂದು ಪೆಟ್ಟಿಗೆಯ ಮೇಲೆ ಎದ್ದು ಕಾಣುವಂತೆ ಬರೆದು ಮಾರಿದರೆ ತಕ್ಕಡಿ ಸಮವಾಗುತ್ತದೆ. ಕೊಳ್ಳುವುದೂ ಬಿಡುವುದೂ ಆಗ ಗಿರಾಕಿಯ ಇಚ್ಛೆ.

ಹಾಗಾದರೆ ಮಾರುವವನ ತಪ್ಪು ನಕಲು ಮಾಡುವವನಿಗೆ ಪರವಾನಿಗೆಯಾಗುವುದೇ? ಎಂದಿಗೂ ಆಗದು. ಕಿರಾಣಿಯವನು ತೂಕದಲ್ಲಿ ಮೋಸ ಮಾಡಿದನೆಂದು ಅವನ ಗೋಧಿಯ ಚೀಲವನ್ನು ಹೊತ್ತುಕೊಂಡು ಬರುವವನು ಶ್ರಾವಕನಲ್ಲ. ಅಂಥವನ ಅಂಗಡಿಯನ್ನು ಬಿಡುವವನು ಶ್ರಾವಕ. ದೇಶದ ಕಾನೂನೂ ಈ ವಿವೇಕಕ್ಕೆ ಸಮೀಪದಲ್ಲಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನಂತೆ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸಬಹುದು. ಅದೇ ಕಾಯಿದೆಯು, ನ್ಯಾಯವಾಗಿ ಪಡೆದ ತಂತ್ರಾಂಶವು ಹಾಳಾಗದಂತೆ ಕಾಪಿನ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳಲು ಅವಕಾಶವಿತ್ತಿದೆ. ಕ್ರಿಯೆಯೊಂದನ್ನೇ ನೋಡದೆ ಅದರ ಹಿಂದಿನ ಭಾವವನ್ನೂ ನೋಡಬೇಕೆಂಬುದು ಜೈನರಿಗೆ ಹೊಸ ಮಾತಲ್ಲ.

ಬೀಗಕ್ಕೂ ಒಂದು ಆಯುಷ್ಯವಿರಬೇಕು. ಮೂಡಬಿದಿರೆಯಲ್ಲಿ ಧವಳಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಹಿರಿಯರು ಶತಮಾನಗಳ ಕಾಲ ಭಕ್ತಿಯಿಂದ ಕಾಪಾಡಿದರು. ಆ ಕಾವಲಿಲ್ಲದಿದ್ದರೆ ಗ್ರಂಥಗಳು ಉಳಿಯುತ್ತಿರಲಿಲ್ಲ. ಆದರೆ ಗರಿಗಳು ಜೀರ್ಣವಾಗುವ ಮುನ್ನ ಪ್ರತಿಗಳಾಗದೆ ಇದ್ದಿದ್ದರೆ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಅವು ಅಚ್ಚಾಗಿ ಲೋಕಕ್ಕೆ ದೊರೆಯುತ್ತಿರಲಿಲ್ಲ. ಸಿದ್ಧಾಂತಕ್ಕೂ ಆಟಕ್ಕೂ ಸಾಟಿಯಿಲ್ಲ, ನಿಜ. ಆದರೂ ಕಾಯುವವನ ಕರ್ತವ್ಯ ಒಂದೇ. ಅಂಗಡಿ ಮುಚ್ಚುವವನು ಗಿರಾಕಿಯ ಕೈಗೆ ಕೀಲಿಕೈಯನ್ನು ಕೊಟ್ಟು ಹೋಗಬೇಕು.

ನಮ್ಮ ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ಮಗನ ಆಟವು ಎಲ್ಲಿಂದ ಬಂತೆಂದು ತಂದೆಯು ಒಮ್ಮೆ ಕೇಳಲಿ. ಟ್ರಸ್ಟಿನ ಲೆಕ್ಕವನ್ನು ಬರೆಯುವ ಕಂಪ್ಯೂಟರಿನಲ್ಲಿ ಕದ್ದ ತಂತ್ರಾಂಶವಿದೆಯೇ ಎಂದು ವಿಶ್ವಸ್ತರು ಪರಿಶೀಲಿಸಲಿ. ದೇವದ್ರವ್ಯದ ಜಮಾಖರ್ಚನ್ನು ಕಳವಿನ ಸಾಧನದಿಂದ ಬರೆಯುವುದು ತರವಲ್ಲ. ಹಣದ ಅಡಚಣೆಯಿದ್ದರೆ ಲಿನಕ್ಸ್, ಲಿಬ್ರೆಆಫೀಸ್ ಮುಂತಾದವುಗಳಿವೆ. ನಕಲು ಮಾಡಿರಿ, ಹಂಚಿರಿ ಎಂದು ಅವುಗಳ ಕರ್ತೃಗಳೇ ಅನುಮತಿಯನ್ನು ಕೊಟ್ಟಿದ್ದಾರೆ. ಕೊಟ್ಟ ವಸ್ತುವನ್ನು ಹಂಚುವವನಿಗೆ ಅತ್ತಿಮಬ್ಬೆಯ ದಾರಿ ಇಂದಿಗೂ ತೆರೆದಿದೆ.

ಗಿರಾಕಿಯನ್ನು ಕಳ್ಳನೆಂದೇ ಬಗೆದು ಮಾಡಿದ ಬೀಗವನ್ನು ಕಳ್ಳನು ಮುರಿಯುತ್ತಾನೆ. ಯಾರೂ ನೋಡದಿರುವಾಗಲೂ ಕೈಯನ್ನು ಹಿಂದಕ್ಕೆ ಸೆಳೆಯುವ ಬೀಗವೊಂದಿದೆ. ಅದನ್ನು ಶ್ರಾವಕನು ತಾನಾಗಿಯೇ ತನಗೆ ಹಾಕಿಕೊಳ್ಳುತ್ತಾನೆ. ಅದರ ಹೆಸರು ವ್ರತ.