ಮೊದಲು ಊಟ, ಆಮೇಲೆ ಪ್ರಶ್ನೆ



ಪುನರುತ್ಥಾನರಾದ ಪ್ರಭು ಯೇಸು ತಮ್ಮ ಶಿಷ್ಯರಿಗೆ ದರ್ಶನವಿತ್ತ ಸಂದರ್ಭಗಳಲ್ಲಿ ಒಂದು, ಮೀನು ಹಿಡಿಯಲು ಹೋದ ಒಂದು ರಾತ್ರಿಯ ಕೊನೆಯಲ್ಲಿ ನಡೆಯಿತು. ಸಂತ ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯದಲ್ಲಿ ಇದನ್ನು ನಾವು ಓದುತ್ತೇವೆ. ಏಳು ಮಂದಿ ಶಿಷ್ಯರು ತಿಬೇರಿಯ ಸರೋವರದ ಬಳಿ ಇದ್ದಾರೆ. ಮೀನು ಹಿಡಿಯಲು ಹೋಗುವುದಾಗಿ ಪೇತ್ರನು ಹೇಳುತ್ತಾನೆ. ಉಳಿದವರೂ ಜೊತೆಗೆ ದೋಣಿ ಹತ್ತುತ್ತಾರೆ. ರಾತ್ರಿಯೆಲ್ಲ ಬಲೆ ಬೀಸಿದರೂ ಒಂದು ಮೀನೂ ಸಿಗುವುದಿಲ್ಲ.

ಪ್ರಭುವಿನ ಕರೆಯನ್ನು ಮರೆತು ಪೇತ್ರನು ಹಳೆಯ ಕಸುಬಿಗೆ ಮರಳಿದನೆಂದು ಕೆಲವರು ಅವನನ್ನು ದೂರುವುದುಂಟು. ಆದರೆ ಶುಭಸಂದೇಶ ಅಂತಹ ಒಂದು ಮಾತನ್ನೂ ಹೇಳುವುದಿಲ್ಲ. ಹೊಟ್ಟೆಗೆ ಅನ್ನ ಬೇಕು, ಕೈಗೆ ಕೆಲಸ ಬೇಕು. ಮನಸ್ಸು ಕದಡಿದಾಗ ತನಗೆ ಚೆನ್ನಾಗಿ ಗೊತ್ತಿರುವ ಕೆಲಸಕ್ಕೆ ಕೈಹಾಕುವುದು ಮನುಷ್ಯ ಸಹಜ. ಕೆಲಸಕ್ಕೆ ಹೋದದ್ದು ತಪ್ಪಲ್ಲ. ಆ ದಿನದ ನೋವೆಂದರೆ, ಬರಿಗೈಯಲ್ಲಿ ಹಿಂದಿರುಗಬೇಕಾದದ್ದು.

ಏಳು ಬುಗ್ಗೆಗಳ ದಡ

ಈ ಘಟನೆ ನಡೆದ ಸ್ಥಳವೆಂದು ಸಂಪ್ರದಾಯ ತೋರಿಸುವುದು ಸರೋವರದ ವಾಯವ್ಯ ದಡದ ತಬ್ಗಾ ಎಂಬ ಸಣ್ಣ ಕೊಲ್ಲಿಯನ್ನು. ಏಳು ಬುಗ್ಗೆಗಳು ಎಂಬ ಅರ್ಥದ ಗ್ರೀಕ್ ಪದವೇ ಜನರ ಬಾಯಲ್ಲಿ ಸವೆದು ತಬ್ಗಾ ಆಗಿದೆ. ಅಲ್ಲಿಯ ಬುಗ್ಗೆಗಳ ಬೆಚ್ಚನೆಯ ನೀರು ಸರೋವರಕ್ಕೆ ಸೇರುತ್ತದೆ. ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನೆಂದು ಕರೆಯುವ ತಿಲಾಪಿಯದ ಬಂಧುವೊಂದು ಆ ಸರೋವರದಲ್ಲಿದೆ. ಅದಕ್ಕೆ ಚಳಿ ಆಗದು. ಆದ್ದರಿಂದ ಚಳಿಗಾಲದಲ್ಲಿ ಹಿಂಡುಹಿಂಡಾಗಿ ಈ ಕೊಲ್ಲಿಗೆ ಬರುತ್ತದೆ. ಹೀಗಾಗಿ ಕಫೆರ್ನವುಮಿನ ಮೀನುಗಾರರಿಗೆ ಇದು ಪರಿಚಿತ ಜಾಗ. ಇಂದು ಅಲ್ಲಿ ಫ್ರಾನ್ಸಿಸ್ಕನ್ ಗುರುಗಳು 1933ರಲ್ಲಿ ಕಟ್ಟಿಸಿದ, ಕಪ್ಪು ಕಲ್ಲಿನ ಪುಟ್ಟ ದೇವಾಲಯವಿದೆ. ಅದರೊಳಗಿನ ಬಂಡೆಯನ್ನು ಕ್ರಿಸ್ತನ ಮೇಜು ಎಂದು ಕರೆಯುತ್ತಾರೆ. 1964ರಲ್ಲಿ ಜಗದ್ಗುರು ಆರನೆಯ ಪೌಲರೂ 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರೂ ಇಲ್ಲಿಗೆ ಭೇಟಿಯಿತ್ತರು.

ಆ ಕಾಲದ ಮೀನುಗಾರರ ಬದುಕು ಹೇಗಿತ್ತು? 1986ರ ಜನವರಿಯಲ್ಲಿ, ಬರಗಾಲದಿಂದ ಸರೋವರದ ನೀರು ಇಳಿದಿದ್ದಾಗ, ಗಿನೊಸಾರ್ ಎಂಬಲ್ಲಿ ಇಬ್ಬರು ಸಹೋದರರಿಗೆ ಕೆಸರಿನಲ್ಲಿ ಹೂತಿದ್ದ ಒಂದು ಹಳೆಯ ದೋಣಿ ಕಾಣಿಸಿತು. ಸುಮಾರು ಎಂಟು ಮೀಟರ್ ಉದ್ದ, ಎರಡೂಕಾಲು ಮೀಟರ್ ಅಗಲದ ಆ ದೋಣಿ ಹೆಚ್ಚುಕಡಿಮೆ ಪ್ರಭು ಯೇಸುವಿನ ಕಾಲದ್ದೆಂದು ಪಂಡಿತರು ಕಂಡುಕೊಂಡರು. ಅದರಲ್ಲಿ ಹತ್ತಕ್ಕೂ ಹೆಚ್ಚು ಬಗೆಯ ಮರದ ತುಂಡುಗಳಿದ್ದವು. ಮುರಿದಲ್ಲಿ ತೇಪೆ ಹಾಕಿ, ಹಳೆಯ ಮರವನ್ನೇ ಮತ್ತೆ ಜೋಡಿಸಿ, ವರುಷಗಟ್ಟಲೆ ನಡೆಸಿದ ದೋಣಿ ಅದು. ಹೊಸ ದೋಣಿ ಕಟ್ಟಿಸುವ ಶಕ್ತಿ ಅದರ ಒಡೆಯನಿಗೆ ಇದ್ದಿರಲಾರದು. ಇದರ ಮೇಲೆ ಸುಂಕ ಬೇರೆ. ಕಫೆರ್ನವುಮಿನ ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಲೇವಿಯನ್ನು ನಾವೆಲ್ಲರೂ ಬಲ್ಲೆವು. ಇಂತಹ ಬದುಕಿನಲ್ಲಿ ಒಂದು ರಾತ್ರಿಯ ದುಡಿಮೆ ವ್ಯರ್ಥವಾದರೆ ಮರುದಿನ ಮನೆಯಲ್ಲಿ ಅದರ ಬಿಸಿ ತಟ್ಟುತ್ತದೆ.

ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆಗಸ್ಟಿನಲ್ಲಿ ಕಡಲಿಗೆ ಇಳಿಯುವಾಗಲೇ ಡೀಸೆಲ್, ಮಂಜುಗಡ್ಡೆ, ಬಲೆಯ ರಿಪೇರಿ ಎಂದು ಸಾಲ ಬೆಳೆದಿರುತ್ತದೆ. ಬಂಗುಡೆ, ಬೂತಾಯಿ ಕೈಕೊಟ್ಟ ವರ್ಷ ದೋಣಿ ದಡ ಮುಟ್ಟುವ ಮೊದಲೇ ಬುಟ್ಟಿ ಹಿಡಿದು ನಿಂತವರ ಮುಖ ನೋಡಲು ಗಂಡಸರು ಹಿಂಜರಿಯುತ್ತಾರೆ.

ದಡದಲ್ಲಿ ಕೆಂಡ

ಈಗ ಶುಭಸಂದೇಶಕ್ಕೆ ಮರಳೋಣ. ಬೆಳಗಾಗುತ್ತಿದೆ. ದಡದಲ್ಲಿ ಒಬ್ಬರು ನಿಂತಿದ್ದಾರೆ. ಅವರು ಯೇಸುವೆಂದು ಶಿಷ್ಯರಿಗೆ ತಿಳಿಯದು. ಮೀನೇನಾದರೂ ಸಿಕ್ಕಿತೇ ಎಂದು ಅವರು ಮಕ್ಕಳನ್ನು ಕೇಳುವಂತೆ ಕೇಳುತ್ತಾರೆ. ಶಿಷ್ಯರು ಇಲ್ಲವೆಂದು ಉತ್ತರಿಸುತ್ತಾರೆ. ನೆಪ ಹೇಳುವುದಿಲ್ಲ, ಗಾಳಿಯನ್ನು ದೂರುವುದಿಲ್ಲ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವುದಿಲ್ಲ. ಆಗ ದೋಣಿಯ ಬಲಗಡೆಗೆ ಬಲೆ ಹಾಕುವಂತೆ ಅವರು ತಿಳಿಸುತ್ತಾರೆ. ಆಗಿನ ಬಲೆಗಳು ಅಗಸೆ ನಾರಿನ ನೂಲಿನವು. ಬೆಳಕಿನಲ್ಲಿ ಅವು ಮೀನಿನ ಕಣ್ಣಿಗೆ ಬೀಳುತ್ತಿದ್ದವು. ಅದಕ್ಕೇ ರಾತ್ರಿಯ ಮೀನುಗಾರಿಕೆ. ಬೆಳಗಾದ ಮೇಲೆ ಬಲೆ ಹಾಕೆಂದರೆ ಕಸುಬು ಬಲ್ಲವರಿಗೆ ಅದು ಒಪ್ಪುವ ಮಾತಲ್ಲ. ಆದರೂ ಹಾಕಿದರು. ಬಲೆ ಎಳೆಯಲಾಗದಷ್ಟು ಭಾರವಾಯಿತು.

ಮೀನುಗಳು ನೂರಾ ಐವತ್ತಮೂರು. ಒಂದರಿಂದ ಹದಿನೇಳರವರೆಗಿನ ಅಂಕಿಗಳನ್ನು ಕೂಡಿದರೆ ಈ ಸಂಖ್ಯೆ ಬರುತ್ತದೆಂದು ಸಂತ ಅಗಸ್ಟೀನರು ಅದರ ಗೂಢಾರ್ಥವನ್ನು ವಿವರಿಸಿದ್ದಾರೆ. ಮೀನುಗಾರರಾದರೋ, ಪಾಲು ಹಂಚಬೇಕಾದರೆ ಎಣಿಸಲೇಬೇಕಲ್ಲ ಎನ್ನುತ್ತಾರೆ. ಎರಡೂ ಸರಿಯೇ. ಆದರೆ ನಾವು ಗಮನಿಸಬೇಕಾದದ್ದು ಬೇರೊಂದಿದೆ. ಶಿಷ್ಯರು ದಡಕ್ಕೆ ಬಂದಾಗ ಅಲ್ಲಿ ಆಗಲೇ ಕೆಂಡ ಉರಿಯುತ್ತಿತ್ತು. ಅದರ ಮೇಲೆ ಮೀನಿತ್ತು, ಪಕ್ಕದಲ್ಲಿ ರೊಟ್ಟಿಯಿತ್ತು. ಹಿಡಿದ ಮೀನು ಇನ್ನೂ ಬಲೆಯಲ್ಲಿರುವಾಗಲೇ ಊಟ ಸಿದ್ಧವಾಗಿತ್ತು. ಬಲೆ ತುಂಬಿದ್ದಕ್ಕೆ ಸಿಕ್ಕ ಬಹುಮಾನವಲ್ಲ ಈ ಊಟ. ರಾತ್ರಿಯಿಡೀ ದಣಿದು ಬರುವವರಿಗಾಗಿ ಪ್ರಭು ಮೊದಲೇ ಒಲೆ ಹೊತ್ತಿಸಿದ್ದರು.

ಹೀಗಿದ್ದರೂ, ಹಿಡಿದ ಮೀನಿನಲ್ಲಿ ಕೆಲವನ್ನು ತರಲು ಅವರು ಹೇಳುತ್ತಾರೆ. ಉಣ್ಣುವವನು ಭಿಕ್ಷುಕನಂತೆ ತಲೆತಗ್ಗಿಸಿ ಕೂರಬಾರದು, ಅವನ ದುಡಿಮೆಗೂ ಆ ಊಟದಲ್ಲಿ ಪಾಲಿರಬೇಕು. ಬಲಿಪೂಜೆಯಲ್ಲಿ ನಾವು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಪೀಠಕ್ಕೆ ತರುವಾಗ ನಡೆಯುವುದೂ ಇದೇ. ಔತಣ ಅವರದು. ಆದರೂ ನಮ್ಮ ಕೈಯ ದುಡಿಮೆಯನ್ನು ಅವರು ಬೇಡವೆನ್ನುವುದಿಲ್ಲ.

ಪೇತ್ರನ ಲೆಕ್ಕ

ಕೆಂಡದ ಬೆಂಕಿಗೆ ಸಂತ ಯೊವಾನ್ನರು ಬಳಸಿದ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಒಂದು ಇಲ್ಲಿ. ಇನ್ನೊಂದು ಪ್ರಧಾನ ಯಾಜಕನ ಅಂಗಳದಲ್ಲಿ, 18ನೆಯ ಅಧ್ಯಾಯದಲ್ಲಿ. ಚಳಿ ಕಾಯಿಸಿಕೊಳ್ಳುತ್ತಾ ನಿಂತ ಪೇತ್ರನು ತನ್ನ ಗುರುವನ್ನು ಮೂರು ಬಾರಿ ನಿರಾಕರಿಸಿದ್ದು ಅಂತಹುದೇ ಕೆಂಡದ ಬಳಿ. ಆ ವಾಸನೆ ಮೂಗಿಗೆ ಬಡಿದಾಗ ಅವನಿಗೆ ಹೇಗಾಗಿರಬಹುದು? ಈಗ ಪ್ರಶ್ನೆ ಬರುತ್ತದೆ, ಈಗ ಲೆಕ್ಕ ಕೇಳುತ್ತಾರೆ ಎಂದು ಎದೆ ನಡುಗಿರಬಹುದು.

ಪ್ರಭು ಲೆಕ್ಕ ಕೇಳಲಿಲ್ಲವೆಂದಲ್ಲ. ಕೇಳಿದರು. ತನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ, ಪೇತ್ರನಿಗೆ ದುಃಖವಾಗುವವರೆಗೂ ಕೇಳಿದರು. ಸತ್ಯವನ್ನು ಮುಚ್ಚಿಟ್ಟು ಸಂಬಂಧ ಕಟ್ಟುವುದು ದೇವರ ರೀತಿಯಲ್ಲ. ಆದರೆ ಯಾವಾಗ ಕೇಳಿದರು? ಅವರ ಊಟವಾದ ಮೇಲೆ ಎಂದು ಸಂತ ಯೊವಾನ್ನರು ಸ್ಪಷ್ಟವಾಗಿ ಬರೆದಿದ್ದಾರೆ. ಮೊದಲು ಕರೆದು ಕೂರಿಸಿದರು, ತಮ್ಮ ಕೈಯಾರೆ ರೊಟ್ಟಿ ಕೊಟ್ಟರು, ಮೀನು ಕೊಟ್ಟರು. ಹೊಟ್ಟೆ ತುಂಬಿ ಮೈ ಬೆಚ್ಚಗಾದ ಮೇಲೆ ಮಾತು ತೆಗೆದರು. ಆ ಪ್ರಶ್ನೆಯ ಕೊನೆಯಲ್ಲಿಯೂ ಶಿಕ್ಷೆಯಿರಲಿಲ್ಲ. ಕುರಿಮಂದೆಯನ್ನು ಮೇಯಿಸುವ ಹೊಣೆಯಿತ್ತು.

ಕರಾವಳಿಯ ಒಂದು ಧರ್ಮಕೇಂದ್ರದಲ್ಲಿ ಮೀನು ಮಾರಿ ಮಕ್ಕಳನ್ನು ಸಾಕಿದ ಒಬ್ಬ ಅಜ್ಜಿಯಿದ್ದರು. ಮನೆಯ ಲೆಕ್ಕವೆಲ್ಲ ಅವರ ಕೈಯಲ್ಲಿ. ಗಂಡ, ಮಕ್ಕಳು ಬರಿಗೈಯಲ್ಲಿ ಬಂದ ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಮೊದ್ಲು ಗಂಜಿ ಬಡಿಸೂದು ಫಾದರ್, ಉಂಡ ಮೇಲೆ ಲೆಕ್ಕ ಕೇಳೂದು. ಉಣ್ಣೂಕಿಂತ ಮುಂಚೆ ಕೇಳಿದ್ರೆ ಗಂಡಸರು ಎದ್ದು ಹೆಂಡದಂಗಡಿಗೆ ಹೋಗ್ತ್ರು.” ಬೈಬಲ್ ಓದಲು ಬಾರದ ಆ ತಾಯಿ ತಬ್ಗಾದ ದಡದ ಪಾಠವನ್ನು ಬದುಕಿನಲ್ಲಿ ಕಲಿತಿದ್ದರು.

ಪ್ರಿಯರೇ, ನಮ್ಮ ಮನೆಗಳಲ್ಲಿ ಬರಿದಾದ ಬಲೆಗಳು ಹಲವಾರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬಾಗಿಲ ಹೊರಗೇ ನಿಂತುಬಿಡುವ ಮಗನಿರುತ್ತಾನೆ. 2020ರಲ್ಲಿ, ಕೊರೋನಾ ಕಾಲದಲ್ಲಿ, ಗಲ್ಫಿನ ಕೆಲಸ ಕಳೆದುಕೊಂಡು ಸೂಟ್‌ಕೇಸ್ ಹಿಡಿದು ಬಂದ ತಂದೆಯರನ್ನು ನಾವು ಕಂಡಿದ್ದೇವೆ. ಗಂಡನ ಮನೆಯಲ್ಲಿ ಬಾಳಲಾಗದೆ ತವರಿಗೆ ಬಂದ ಮಗಳಿರುತ್ತಾಳೆ. ಇವರೆಲ್ಲರಿಗೂ ಬಲೆ ಬರಿದೆಂಬುದು ನಮಗಿಂತ ಮೊದಲೇ ಗೊತ್ತಿರುತ್ತದೆ. ಆದರೂ ಹೊಸ್ತಿಲಲ್ಲೇ ನಾವು ಪ್ರಶ್ನೆ ಹಾಕುತ್ತೇವೆ. ಎಷ್ಟು ಅಂಕ ಹೋಯಿತು, ಎಷ್ಟು ಸಾಲ ಉಳಿಯಿತು, ನೆರೆಯವರಿಗೆ ಏನು ಹೇಳುವುದು? ತಟ್ಟೆಯ ಮುಂದೆ ಕುಳಿತವರು ತುತ್ತು ಬಿಟ್ಟು ಎದ್ದುಹೋಗುತ್ತಾರೆ. ಕೆಲವರು ಮನೆಯಿಂದಲೇ ಹೊರಟುಹೋಗುತ್ತಾರೆ. ಮರಳಿ ಬಾರದವರೂ ಇದ್ದಾರೆ, ಅವರ ತಾಯಂದಿರ ಕಣ್ಣೀರನ್ನು ಗುರುಗಳಾದ ನಾವು ಕಂಡಿದ್ದೇವೆ.

ಪ್ರಶ್ನೆ ಬೇಡವೆಂದು ನಾನು ಹೇಳುತ್ತಿಲ್ಲ. ಓದದ ಮಗನಿಗೆ ಬುದ್ಧಿ ಹೇಳಲೇಬೇಕು, ಸಾಲದ ಲೆಕ್ಕವನ್ನು ಗಂಡ ಹೆಂಡತಿ ಕುಳಿತು ನೋಡಲೇಬೇಕು. ಆದರೆ ಕ್ರಮ ಬದಲಾಗಲಿ. ಒಲೆಯ ಮೇಲೆ ಅನ್ನವಿರಲಿ, ಬಂದವರನ್ನು ಹೆಸರು ಹಿಡಿದು ಒಳಗೆ ಕರೆಯಿರಿ. ಅವರು ತಂದದ್ದು ಸ್ವಲ್ಪವಾದರೂ ಅದನ್ನು ಗೌರವದಿಂದ ತೆಗೆದುಕೊಳ್ಳಿರಿ. ಊಟವಾದ ಮೇಲೆ ಪಕ್ಕದಲ್ಲಿ ಕುಳಿತು, ಪ್ರೀತಿಯಿಂದ, ಸತ್ಯವನ್ನೇ ಕೇಳಿರಿ. ಈ ವಾರ ನಿಮ್ಮ ಮನೆಗೆ ಬರಿಗೈಯಲ್ಲಿ ಬರುವವರು ಯಾರೆಂದು ಸಂಜೆಯ ಜಪಸರದ ಹೊತ್ತಿನಲ್ಲಿ ಯೋಚಿಸಿ ನೋಡಿರಿ.

ದಡದಲ್ಲಿ ನಮಗಾಗಿ ಕಾದು ನಿಂತ ಪ್ರಭುವೇ, ಸೋತು ಬಂದವರಿಗಾಗಿ ನಮ್ಮ ಮನೆಯ ಒಲೆ ಆರದಿರಲಿ. ಮೊದಲು ಬಡಿಸುವ ಕೈಯನ್ನೂ, ಆಮೇಲೆ ಪ್ರೀತಿಯಿಂದ ಕೇಳುವ ನಾಲಿಗೆಯನ್ನೂ ನಮಗೆ ದಯಪಾಲಿಸಿರಿ. ಆಮೆನ್.